ಕೊನೇ ಸಾಲಲ್ಲಿ ಕೂತು ಕೇಳಿ: ಸೈಟಲ್ಲಿ ಎವಿ ಸಿಸ್ಟಂ ಕಮಿಷನಿಂಗ್

(ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೇ ವರ್ಷದವರ ಮುಂದೆ ಆಡಿದ ಮಾತು. ಎವಿ ಅಂದ್ರೆ ಆಡಿಯೋ-ವಿಶುವಲ್, ಸದ್ದು ಮತ್ತು ಚಿತ್ರದ ವ್ಯವಸ್ಥೆ. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದ್ದು, ಅಲ್ಲಲ್ಲಿ ಕತ್ತರಿಸಿದೀನಿ.)

ಒಂದು ಕಾಲೇಜಿನ ಆಡಿಟೋರಿಯಂ, 400 ಸೀಟು. ಕೆಲಸ ಮುಗೀತು ಅಂದ್ಕೊಂಡಿದ್ವಿ. ಮಷೀನೆಲ್ಲಾ ಜೋಡಿಸಿಟ್ಟಿರೋ ರ‍್ಯಾಕಲ್ಲಿ ಎಲ್ಲಾ ಲೈಟೂ ಹಸಿರು, ಟಚ್ ಪ್ಯಾನಲ್ ಮೇಲೆ ಬೆರಳಿಟ್ರೆ ಸ್ಕ್ರೀನ್ ಇಳಿಯತ್ತೆ, ಪ್ರೊಜೆಕ್ಟರ್ ಆನ್ ಆಗತ್ತೆ, ಮೈಕಲ್ಲಿ ಹಲೋ ಅಂದ್ರೆ ಹಾಲ್ ಪೂರ್ತಿ ಗುಂಯ್ ಅನ್ನತ್ತೆ. ಹ್ಯಾಂಡೋವರ್ ಪೇಪರಿಗೆ ಸಹಿ ಹಾಕಿಸ್ಕೊಳ್ಳೋಣ ಅಂತ ನಾನು ಪೆನ್ನು ತೆಗೆದಿದ್ದೆ. ಅಷ್ಟರಲ್ಲಿ ಹಿಂದಿನ ಸಾಲಲ್ಲಿ ಸುಮ್ನೆ ಬಂದು ಕೂತಿದ್ದ ಕನ್ನಡ ಮೇಷ್ಟ್ರು ಒಬ್ರು, ರಿಟೈರ್ ಆಗೋ ವಯಸ್ಸು, ಕೈ ಎತ್ತಿ "ಕೇಳಿಸ್ತಾ ಇದೆ ಕಣಪ್ಪಾ, ಆದ್ರೆ ಏನ್ ಹೇಳ್ತಿದೀಯಾ ಅಂತ ಗೊತ್ತಾಗ್ತಿಲ್ಲ" ಅಂದ್ರು.

ನಾನು ಮೊದ್ಲು ಏನ್ ಮಾಡ್ದೆ ಗೊತ್ತಾ? ವಾಲ್ಯೂಮ್ ಜಾಸ್ತಿ ಮಾಡ್ದೆ. ಎಲ್ರೂ ಅದನ್ನೇ ಮಾಡೋದು. ಮೇಷ್ಟ್ರು ಕಿವಿ ಮುಚ್ಕೊಂಡು "ಈಗ ಇನ್ನೂ ಚೆನ್ನಾಗಿ ಅರ್ಥ ಆಗ್ತಿಲ್ಲ" ಅಂದ್ರು. ಆ ಹಾಲಲ್ಲಿ ಏನಾಗಿತ್ತು ಅಂತ ಆಮೇಲೆ ಹೇಳ್ತೀನಿ, ತಪ್ಪು ನಂದೇ.

ಈಗ ನೀವು ಓದಿ ಹೊರಗೆ ಬಂದು ಎವಿ ಲೈನಿಗೆ ಸೇರಿದ್ರೆ ಮೊದಲ ಎರಡು ವರ್ಷ ಕೇಬಲ್ ಎಳೀತೀರಿ, ಕನೆಕ್ಟರ್ ಬೆಸುಗೆ ಹಾಕ್ತೀರಿ, ಅದು ಇನ್‌ಸ್ಟಾಲೇಷನ್. ಕಮಿಷನಿಂಗ್ ಅಂದ್ರೆ ಅದಾದ ಮೇಲಿನ ಕೆಲಸ, ಹಾಕಿರೋದು ಡ್ರಾಯಿಂಗಲ್ಲಿ ಇರೋ ಹಾಗೇ ಇದೆಯಾ, ಕೆಲಸ ಮಾಡತ್ತಾ, ಮಾಡತ್ತೆ ಅಂತ ಅಳೆದು ತೋರ್ಸೋಕೆ ಆಗತ್ತಾ ಅಂತ ನೋಡೋದು. ಇದಕ್ಕೆ ಅಮೆರಿಕಾದ ಇನ್ಫೋಕಾಮ್ ಸಂಸ್ಥೆ, 2017ರಿಂದ ಅದರ ಹೆಸರು ಅವಿಕ್ಸಾ, 2013ರಲ್ಲೇ ಒಂದು ಸ್ಟ್ಯಾಂಡರ್ಡ್ ತಂದಿದೆ, ಏನೇನು ಚೆಕ್ ಮಾಡ್ಬೇಕು ಅಂತ ಉದ್ದದ ಪಟ್ಟಿ. ನಮ್ಮಲ್ಲಿ ಟೆಂಡರಲ್ಲಿ ಅದರ ಹೆಸರು ಬರೆದಿರ್ತಾರೆ, ಸೈಟಲ್ಲಿ ಅದನ್ನ ಓದಿದೋರು ಸಿಕ್ಕೋದು ಅಪರೂಪ.

ತೊಂದ್ರೆ ಎಲ್ಲಿ ಅಂದ್ರೆ ನಮ್ಮ ಸರದಿ ಬರೋದು ಕಟ್ಟಕಡೇಲಿ. ಸಿವಿಲ್ನೋರು ಒಂದು ತಿಂಗಳು ಲೇಟು, ಫಾಲ್ಸ್ ಸೀಲಿಂಗ್ನೋರು ಹದಿನೈದು ದಿನ ಲೇಟು, ಪೇಂಟ್ನೋರು ಇನ್ನೂ ಒಳಗೇ ಇದಾರೆ, ಆದ್ರೆ ಉದ್ಘಾಟನೆ ತಾರೀಕು ಮಾತ್ರ ಇನ್ವಿಟೇಷನಲ್ಲಿ ಪ್ರಿಂಟ್ ಆಗೋಗಿರತ್ತೆ. ಶೆಡ್ಯೂಲಲ್ಲಿ ನಮಗೆ ಅಂತ ಇದ್ದ ಐದು ದಿನ ಒಂದೂವರೆ ದಿನ ಆಗತ್ತೆ, ಅದೂ ರಾತ್ರಿ, ಅದೂ ಯಾರೋ ಪಕ್ಕದಲ್ಲಿ ಗ್ರಾನೈಟ್ ಕಟ್ ಮಾಡ್ತಾ ಇರುವಾಗ. ಗ್ರಾನೈಟ್ ಕಟ್ ಮಾಡೋ ಸದ್ದಲ್ಲಿ ಸೌಂಡ್ ಸಿಸ್ಟಂ ಅಳೆಯೋದು ಅಂದ್ರೆ ಜಾತ್ರೇಲಿ ನಿಂತ್ಕೊಂಡು ಎದೆಬಡಿತ ಎಣಿಸ್ದಂಗೆ. ಹಾಗಾಗಿ ನಾನೊಂದು ಅಭ್ಯಾಸ ಮಾಡ್ಕೊಂಡೆ. ಹೋಗೋ ಮೊದ್ಲು ನಾಲ್ಕು ಫೋಟೋ ಕಳ್ಸಿ ಅಂತೀನಿ: ಪರ್ಮನೆಂಟ್ ಕರೆಂಟ್ ಬಂದಿರೋ ಪ್ಯಾನಲ್, ಸೀಟು, ಕರ್ಟನ್, ಬಾಗಿಲು. ಫೋಟೋ ಇಲ್ದಿದ್ರೆ ಗಾಡಿ ಹತ್ತಲ್ಲ.

ಸೀಟಿನ ಫೋಟೋ ಯಾಕೆ ಅಂತ ಅಲ್ಲೊಬ್ರು ನಗ್ತಿದೀರಿ. 1895ರಲ್ಲಿ ಅಮೆರಿಕಾದ ಹಾರ್ವರ್ಡಲ್ಲಿ ಫಾಗ್ ಆರ್ಟ್ ಮ್ಯೂಸಿಯಂ ಅಂತ ಹೊಸ ಕಟ್ಟಡ ಆಯ್ತು, ಅದರ ಲೆಕ್ಚರ್ ಹಾಲಲ್ಲಿ ಪಾಠ ಮಾಡಿದ್ರೆ ಒಂದಕ್ಷರ ತಿಳೀತಿರ್ಲಿಲ್ಲ, ಬಾಯಿ ಮುಚ್ಚಿದ ಮೇಲೂ ಐದೂವರೆ ಸೆಕೆಂಡು ಸದ್ದು ಗೋಡೆಯಿಂದ ಗೋಡೆಗೆ ಓಡಾಡ್ತಿತ್ತು. ಇದನ್ನ ಸರಿಮಾಡಪ್ಪ ಅಂತ ವ್ಯಾಲೇಸ್ ಸಬೈನ್ ಅನ್ನೋ ಚಿಕ್ಕ ವಯಸ್ಸಿನ ಫಿಸಿಕ್ಸ್ ಮೇಷ್ಟ್ರಿಗೆ ವಹಿಸಿದ್ರು. ಅವರು ಹತ್ತಿರದ ಸ್ಯಾಂಡರ್ಸ್ ಥಿಯೇಟರಿಂದ ರಾತ್ರಿ ಹೊತ್ತು ಸೀಟಿನ ಕುಶನ್ ಹೊರಿಸ್ಕೊಂಡು ಬಂದು ಹಾಸೋದು, ಒಂದು ಆರ್ಗನ್ ಪೈಪ್ ಊದಿಸಿ ಸದ್ದು ಸಾಯೋಕೆ ಎಷ್ಟು ಹೊತ್ತು ಅಂತ ಅಳೆಯೋದು, ಇನ್ನಷ್ಟು ಕುಶನ್ ಹಾಸೋದು, ಮತ್ತೆ ಅಳೆಯೋದು, ಬೆಳಗಾಗೋದ್ರೊಳಗೆ ಎಲ್ಲಾ ವಾಪಸ್ ಇಡೋದು. ಅದರಿಂದ ಬಂದಿದ್ದೇ ನಾವು ಇವತ್ತೂ ಬಳಸೋ ಸೂತ್ರ: ಹಾಲಿನ ಘನ ಮೀಟರನ್ನ 0.161ರಿಂದ ಗುಣಿಸಿ, ಸದ್ದು ಹೀರೋ ಮೇಲ್ಮೈಯಿಂದ ಭಾಗಿಸಿ.

2400 ಘನ ಮೀಟರ್ ಹಾಲ್ ತಗೊಳ್ಳಿ. ಖಾಲಿ ಹಾಲಲ್ಲಿ ಹೀರೋ ಮೇಲ್ಮೈ 150 ಚದರ ಮೀಟರಷ್ಟು ಅಂದ್ರೆ ಸುಮಾರು 2.6 ಸೆಕೆಂಡು. ಕುಶನ್ ಸೀಟು, ಕರ್ಟನ್ ಎಲ್ಲಾ ಬಂದು ಅದು 300 ಆದ್ರೆ 1.3. ಸೀಟು ಬರೋ ಮೊದ್ಲು ನೀವು ಕೂತು ಟ್ಯೂನ್ ಮಾಡಿದ್ದು ಬೇರೆ ಹಾಲು, ಹ್ಯಾಂಡೋವರ್ ಕೊಡೋದು ಬೇರೆ ಹಾಲು. ಅಂದಹಾಗೆ ನಮ್ಮ ವಿಜಯಪುರದ ಗೋಲಗುಮ್ಮಟ ನೋಡಿದೀರಲ್ಲ, ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ರೆ ಎದುರುಗಡೆ ಕೇಳತ್ತೆ, ಚಪ್ಪಾಳೆ ಒಂದು ತಟ್ಟಿದ್ರೆ ಲೆಕ್ಕ ಹಾಕೋಷ್ಟು ಸಲ ವಾಪಸ್ ಬರತ್ತೆ, ಎಲ್ರೂ ಖುಷಿಯಾಗಿ ಕೂಗಿ ಬರ್ತೀವಿ. ಅಲ್ಲಿ ಯಾರಾದ್ರೂ ಅರ್ಧ ಗಂಟೆ ಭಾಷಣ ಇಟ್ಟಿದ್ರೆ ಗೊತ್ತಾಗ್ತಿತ್ತು.

ಸೈಟಿಗೆ ಹೋದ ತಕ್ಷಣ ಸ್ಪೀಕರ್ ಹತ್ರ ಹೋಗ್ಬೇಡಿ, ಮಲ್ಟಿಮೀಟರ್ ತಗೊಂಡು ಪವರ್ ಪಾಯಿಂಟ್ ಹತ್ರ ಹೋಗಿ. ಫೇಸ್ ನ್ಯೂಟ್ರಲ್ ಮಧ್ಯೆ 230 ಆಸುಪಾಸು ಇದೆಯಾ, ನ್ಯೂಟ್ರಲ್ ಅರ್ಥ್ ಮಧ್ಯೆ ಎಷ್ಟಿದೆ. ನನಗೆ ಎರಡು ವೋಲ್ಟ್ ದಾಟಿದ್ರೆ ಸಮಾಧಾನ ಇರಲ್ಲ, ಹನ್ನೆರಡು ಹದಿನಾಲ್ಕು ಬಂದಿದ್ದೂ ನೋಡಿದೀನಿ, ಎಲೆಕ್ಟ್ರಿಷಿಯನ್ ಅಣ್ಣನ್ನ ಕರೆದ್ರೆ "ಬಲ್ಬ್ ಉರೀತಿದ್ಯಲ್ಲ ಸಾರ್" ಅಂದ. ಬಲ್ಬಿಗೆ ಸಾಕು. ನಮ್ಮ ರ‍್ಯಾಕ್ ಒಂದು ಅರ್ಥಿಂಗಲ್ಲಿ, ಸ್ಟೇಜ್ ಮೇಲಿನ ಲ್ಯಾಪ್‌ಟಾಪ್ ಇನ್ನೊಂದು ಅರ್ಥಿಂಗಲ್ಲಿ ಇದ್ರೆ ಆಡಿಯೋ ಕೇಬಲ್ ಶೀಲ್ಡಲ್ಲಿ ಕರೆಂಟ್ ಓಡಾಡತ್ತೆ, ಸ್ಪೀಕರಲ್ಲಿ ಮ್ ಮ್ ಅಂತ 50 ಹರ್ಟ್ಸಿಂದು, ಅದರ ದುಪ್ಪಟ್ಟು 100ರದು. ಚಾರ್ಜರ್ ಕಿತ್ತಾಕಿದ್ರೆ ಸದ್ದು ನಿಂತೋಗತ್ತೆ, ಅಲ್ಲಿಗೆ ರೋಗ ಗೊತ್ತಾಯ್ತು. ಇದಕ್ಕೆ ಕೆಲವರು ಪ್ಲಗ್ಗಿನ ಅರ್ಥ್ ಪಿನ್ ಕಟ್ ಮಾಡ್ತಾರೆ. ದಯವಿಟ್ಟು ಮಾಡ್ಬೇಡಿ. ಹಮ್ ಹೋಗತ್ತೆ ನಿಜ, ನಾಳೆ ಒದ್ದೆ ಕೈಲಿ ಮೈಕ್ ಹಿಡ್ಕೊಳ್ಳೋ ಹುಡುಗಿಯ ಜೀವವೂ ಹೋಗ್ಬಹುದು. ಸಿಗ್ನಲ್ ದಾರೀಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ಆಗೋದಾದ್ರೆ ಎರಡಕ್ಕೂ ಒಂದೇ ಅರ್ಥಿಂಗ್ ಮಾಡ್ಸಿ.

ಆಮೇಲೆ ಸ್ಪೀಕರ್ ಲೈನು. ಸೀಲಿಂಗ್ ಸ್ಪೀಕರ್ ಎಲ್ಲಾ ಸಾಮಾನ್ಯವಾಗಿ 100 ವೋಲ್ಟ್ ಲೈನು, ಪ್ರತಿ ಸ್ಪೀಕರಲ್ಲೂ ಪುಟ್ಟ ಟ್ರಾನ್ಸ್‌ಫಾರ್ಮರು, ಅದಕ್ಕೆ ಟ್ಯಾಪು, ಅಂದ್ರೆ ಸ್ಪೀಕರ್ ಎಷ್ಟು ವ್ಯಾಟ್ ತಗೋಬೇಕು ಅಂತ ಆರಿಸೋ ಜಾಗ. ಲೆಕ್ಕ ಸುಲಭ, 100ರ ವರ್ಗ ಹತ್ತು ಸಾವಿರ, ಅದನ್ನ ಒಟ್ಟು ವ್ಯಾಟಿಂದ ಭಾಗಿಸಿದ್ರೆ ಲೈನಿನ ಇಂಪೀಡೆನ್ಸ್, ಅಂದ್ರೆ ಎಸಿ ಸಿಗ್ನಲಿಗೆ ಲೈನ್ ಒಡ್ಡೋ ತಡೆ. 20 ಸ್ಪೀಕರು, ಒಂದೊಂದು 3 ವ್ಯಾಟ್ ಟ್ಯಾಪ್, ಒಟ್ಟು 60, ಅಂದ್ರೆ 167 ಓಮ್ ಬರ್ಬೇಕು. ಒಂದ್ಸಲ ಅಳೆದ್ರೆ 90ರ ಹತ್ರ ಬಂತು. ಸೀಲಿಂಗ್ ಕೆಳಗೆ ಇಳ್ಸಿ ನೋಡಿದ್ರೆ ಹೆಚ್ಚುಕಮ್ಮಿ ಎಲ್ಲಾ 6 ವ್ಯಾಟ್ ಟ್ಯಾಪಲ್ಲೇ ಇವೆ, ಫ್ಯಾಕ್ಟರಿಯಿಂದ ಹಾಗೇ ಬಂದಿತ್ತು, ಯಾರೂ ತಿರುಗಿಸಿರ್ಲಿಲ್ಲ. ಇನ್ನೊಂದು ಕಡೆ 5 ಓಮ್. ಅದು ಸೀಲಿಂಗ್ನೋರ ಸ್ಕ್ರೂ, ಸರಿಯಾಗಿ ಕೇಬಲ್ ಮಧ್ಯ ಇಳಿದಿತ್ತು. ಇಲ್ಲಿ ಒಂದು ಮಾತು, ಇದನ್ನ ಸಾದಾ ಮಲ್ಟಿಮೀಟರಲ್ಲಿ ಅಳೀಬೇಡಿ, ಅದು ಡಿಸಿ ರೆಸಿಸ್ಟೆನ್ಸ್ ತೋರ್ಸತ್ತೆ, ಟ್ರಾನ್ಸ್‌ಫಾರ್ಮರ್ ಇರೋ ಲೈನಲ್ಲಿ ಆ ನಂಬರಿಗೆ ಅರ್ಥ ಇಲ್ಲ. ಇಂಪೀಡೆನ್ಸ್ ಮೀಟರೇ ಬೇಕು. ಆಂಪ್ಲಿಫೈಯರ್ ಕನೆಕ್ಟ್ ಮಾಡೋದು ಈ ನಂಬರ್ ಬರೆದಿಟ್ಟ ಮೇಲೇ.

ಪೋಲಾರಿಟಿ ಬಗ್ಗೆ ಜಾಸ್ತಿ ಹೇಳಲ್ಲ. ಪ್ಲಸ್ಸು ಮೈನಸ್ಸು ಅದಲುಬದಲಾದ್ರೆ ಎರಡು ಸ್ಪೀಕರ್ ಮಧ್ಯೆ ನಿಂತಾಗ ಬಾಸ್ ಮಾಯ ಆಗತ್ತೆ, ಟೆಸ್ಟರ್ ಹಿಡ್ಕೊಂಡು ಒಂದೊಂದನ್ನೂ ನೋಡಿ, ಬೋರಾದ್ರೂ ನೋಡಿ.

ಈಗ ಆ ಮೇಷ್ಟ್ರ ಕತೆಗೆ ಬರ್ತೀನಿ. ಉದ್ದ ಹಾಲಲ್ಲಿ ಸ್ಟೇಜ್ ಹತ್ರ ಮೇನ್ ಸ್ಪೀಕರು, ಹಿಂದಿನ ಸಾಲಿನೋರಿಗೆ ಅಂತ 20 ಮೀಟರ್ ಆಚೆ ಇನ್ನೊಂದು ಜೋಡಿ. ಕರೆಂಟಿಗೆ 20 ಮೀಟರ್ ಏನೂ ಅಲ್ಲ, ಎರಡೂ ಸ್ಪೀಕರಿಗೆ ಒಟ್ಟಿಗೇ ತಲುಪತ್ತೆ. ಆದ್ರೆ ಸದ್ದು ಗಾಳೀಲಿ ನಡ್ಕೊಂಡು ಬರ್ಬೇಕಲ್ಲ, ಸೆಕೆಂಡಿಗೆ ಸುಮಾರು 343 ಮೀಟರ್, 20 ಮೀಟರಿಗೆ 58 ಮಿಲಿಸೆಕೆಂಡು. ಅಷ್ಟು ತಡೆದು ಹಿಂದಿನ ಸ್ಪೀಕರನ್ನ ಮಾತಾಡಿಸ್ಬೇಕು, ಅದಕ್ಕೇ ಡಿಲೇ ಸ್ಪೀಕರ್ ಅನ್ನೋದು. ಅದರ ಮೇಲೆ ಒಂದು ಹತ್ತು ಹನ್ನೆರಡು ಮಿಲಿಸೆಕೆಂಡ್ ನಾನು ಜಾಸ್ತಿ ಕೊಡ್ತೀನಿ. ಯಾಕಂದ್ರೆ ಮೊದ್ಲು ಯಾವ ದಿಕ್ಕಿಂದ ಸದ್ದು ಬರತ್ತೋ ಕಿವಿ ಅದನ್ನೇ ನಂಬತ್ತೆ, ಎರಡನೇದು ಸ್ವಲ್ಪ ತಡವಾಗಿ ಬಂದ್ರೆ, 10 ಡೆಸಿಬಲ್ ತನಕ ಜೋರಾಗಿದ್ರೂ, ಮಾತು ಸ್ಟೇಜಿಂದಲೇ ಬಂತು ಅನ್ಸತ್ತೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸ್ಕೊಟ್ಟಿದ್ದು, ಅವರ ಹೆಸರಲ್ಲೇ ಹಾಸ್ ಎಫೆಕ್ಟ್ ಅಂತೀವಿ.

ನಾನು ಡಿಎಸ್‌ಪಿಯಲ್ಲಿ, ಅಂದ್ರೆ ಸ್ಪೀಕರಿಗೆ ಹೋಗೋ ಸದ್ದನ್ನ ತಿದ್ದಿ ಕಳಿಸೋ ಬಾಕ್ಸಲ್ಲಿ, ಡಿಲೇ ಹಾಕಿದ್ದೆ. ಡ್ರಾಯಿಂಗಲ್ಲಿ 20 ಅಂತ ಇತ್ತು, ನಾನೂ 20 ಅಂತ ಟೈಪ್ ಮಾಡಿದ್ದೆ. ಡ್ರಾಯಿಂಗ್ ಮೀಟರಲ್ಲಿ. ಸಾಫ್ಟ್‌ವೇರ್ ಅಡಿಯಲ್ಲಿ ಸೆಟ್ ಆಗಿತ್ತು! 20 ಅಡಿ ಅಂದ್ರೆ ಆರು ಮೀಟರು, ಹದಿನೆಂಟು ಮಿಲಿಸೆಕೆಂಡು. ಮೇಷ್ಟ್ರಿಗೆ ಪ್ರತಿ ಪದವೂ ತಲೆ ಮೇಲಿನ ಸ್ಪೀಕರಿಂದ ಒಂದ್ಸಲ, 40 ಮಿಲಿಸೆಕೆಂಡ್ ಬಿಟ್ಟು ಸ್ಟೇಜಿಂದ ಇನ್ನೊಂದ್ಸಲ, ಒಂದರ ಬಾಲದ ಮೇಲೆ ಇನ್ನೊಂದು ಹತ್ತಿ ಕೂತಿತ್ತು. ನಾನು ವಾಲ್ಯೂಮ್ ಜಾಸ್ತಿ ಮಾಡಿದಾಗ ಎರಡೂ ಜೋರಾದ್ವು ಅಷ್ಟೇ. ಯಾವ ಲೈಟೂ ಕೆಂಪಾಗ್ಲಿಲ್ಲ, ಯಾಕಾಗತ್ತೆ, ಮಷೀನಿಗೆ ಏನು ಹೇಳಿದ್ವೋ ಅದನ್ನ ಸರಿಯಾಗೇ ಮಾಡ್ತಿತ್ತು. ಎರಡು ದಿನ ಈಕ್ವಲೈಜರ್ ತಿರುವ್ತಾ ಕೂತಿದ್ದೆ ನಾನು. ಕೊನೆಗೆ ಅಳೆಯೋ ಮೈಕ್ ತಗೊಂಡೋಗಿ ಮೇಷ್ಟ್ರ ಸೀಟಲ್ಲೇ ಇಟ್ಟಾಗ ಸ್ಕ್ರೀನ್ ಮೇಲೆ ಎರಡು ಮುಳ್ಳು ಪಕ್ಕಪಕ್ಕ ಎದ್ದು ನಿಂತ್ವು, ನೋಡಿ ನನಗೇ ನಾಚಿಕೆ ಆಯ್ತು.

ಅವತ್ತಿಂದ ಒಂದು ಟೆಸ್ಟು ಮಾಡ್ತೀನಿ. ಮಾತು ಎಷ್ಟು ತಿಳಿಯತ್ತೆ ಅನ್ನೋದಕ್ಕೆ ಎಸ್‌ಟಿಐ ಅಂತ ಅಳತೆ ಇದೆ, ಸೊನ್ನೆಯಿಂದ ಒಂದರವರೆಗೆ, ಅನೌನ್ಸ್‌ಮೆಂಟ್ ಸಿಸ್ಟಂಗೆ 0.5 ದಾಟಿರ್ಬೇಕು ಅಂತ ಕೇಳ್ತಾರೆ. ಮೀಟರಲ್ಲಿ ಅದನ್ನ ಅಳೀತೀನಿ, ರಿಪೋರ್ಟಿಗೂ ಹಾಕ್ತೀನಿ. ಆದ್ರೆ ಅದರ ಜೊತೆ ಕನ್ನಡ ಪದದ ಪಟ್ಟಿ ಒಂದಿದೆ ನನ್ನ ಹತ್ರ: ಹಾಲು, ಕಾಲು, ಸಾಲು, ಪಾಲು, ಬೆಲೆ, ಬೆಳೆ, ಬಲೆ, ಬಳೆ. ಹೀಗೇ ಇಪ್ಪತ್ತು ಪದ, ಕಲಸಿ ಹಾಕಿರೋದು. ಒಬ್ರು ಸ್ಟೇಜ್ ಮೇಲೆ ಓದ್ತಾರೆ, ಸೈಟಲ್ಲಿ ಯಾರು ಸಿಗ್ತಾರೋ ಅವರು, ವಾಚ್‌ಮನ್, ಪೇಂಟರ್, ಆಫೀಸಿನ ಮೇಡಂ, ಕೊನೇ ಸಾಲಲ್ಲಿ ಕೂತು ಕೇಳಿದ್ದನ್ನ ಬರೀತಾರೆ. ಸ್ವರದಲ್ಲಿ ಶಕ್ತಿ ಜಾಸ್ತಿ, ಅದು ಹೇಗೋ ತಲುಪತ್ತೆ; ಪದ ಯಾವ್ದು ಅಂತ ಹೇಳೋದು ವ್ಯಂಜನ, ಅದು ಮೇಲಿನ ಫ್ರೀಕ್ವೆನ್ಸಿಯಲ್ಲಿ ಸಣ್ಣಗೆ ಇರತ್ತೆ, ಮೊದ್ಲು ಸಾಯೋದು ಅದೇ. ಅದಕ್ಕೇ ನಮ್ಮ ಜನ "ಹಲೋ ಹಲೋ ಮೈಕ್ ಟೆಸ್ಟಿಂಗ್" ಅಂತ ಮಾಡೋ ಟೆಸ್ಟ್ ಯಾವ ಹಾಲಲ್ಲೂ ಫೇಲ್ ಆಗಲ್ಲ. ಹಲೋ ಅನ್ನೋದು ಎಲ್ರಿಗೂ ಮೊದ್ಲೇ ಗೊತ್ತು ತಾನೇ? ಆ ಕಾಲೇಜಲ್ಲಿ ಡಿಲೇ ಸರಿ ಮಾಡೋ ಮುಂಚೆ ಮೇಷ್ಟ್ರು ಇಪ್ಪತ್ತರಲ್ಲಿ ಹನ್ನೊಂದು ಸರಿ ಬರೆದ್ರು, ಆಮೇಲೆ ಹದಿನೆಂಟು. ಬೆಲೆ ಬೆಳೆ ಮಾತ್ರ ಕೊನೆಗೂ ಅದಲುಬದಲು ಮಾಡಿದ್ರು, ಅದು ಓದಿದ ನಮ್ಮ ಹುಡುಗನ ನಾಲಿಗೆ ತಪ್ಪು ಅಂತ ಅವರ ವಾದ. ಇರ್ಬಹುದು.

ಕರಾವಳಿ ಕಡೆ ಯಕ್ಷಗಾನ ನಡೆಯೋ ಹಾಲಿದ್ರೆ ಇದೂ ಸಾಲದು. ಚೆಂಡೆ ತರಿಸಿ ಬಾರಿಸಿ. ಸದ್ದು ಮಿತಿ ಮೀರದಂಗೆ ತಡೆಯೋಕೆ ಲಿಮಿಟರ್ ಇರತ್ತೆ, ಹಿಂದಿ ಹಾಡು ಹಾಕಿ ಟ್ಯೂನ್ ಮಾಡಿದ ಲಿಮಿಟರ್ ಚೆಂಡೆಯ ಮೊದಲ ಪೆಟ್ಟಿಗೇ ಏನಾಗತ್ತೆ ಅಂತ ಭಾಗವತರ ಮುಂದೆ ಕಲಿಯೋದು ಬೇಡ.

ನೆಟ್‌ವರ್ಕ್ ವಿಷ್ಯ. ಈಗ ಆಡಿಯೋ ಎಲ್ಲಾ ನೆಟ್‌ವರ್ಕ್ ಕೇಬಲಲ್ಲೇ ಓಡಾಡೋದು, ನಮ್ಮ ಕಡೆ ಜಾಸ್ತಿ ಸಿಗೋದು ದಾಂತೆ, ಆಸ್ಟ್ರೇಲಿಯಾದ ಆಡಿನೇಟ್ ಕಂಪನೀದು. ಇದರಲ್ಲಿ ಎಲ್ಲಾ ಬಾಕ್ಸೂ ಒಂದೇ ಗಡಿಯಾರ ನೋಡ್ಕೊಂಡು ನಡೀಬೇಕು, ಒಂದು ಬಾಕ್ಸ್ ಯಜಮಾನ, ಉಳಿದವು ಅದರ ತಾಳಕ್ಕೆ. ಆ ಗಡಿಯಾರದ ಪ್ಯಾಕೆಟ್ ಒಂಚೂರು ಹಿಂದೆಮುಂದೆ ಆದ್ರೆ ಚಟ್ ಅಂತ ಸದ್ದು. ಒಂದು ಆಫೀಸಲ್ಲಿ ಹಗಲೆಲ್ಲಾ ಸರಿ, ಸಂಜೆ ಜನ ಹೋದ್ಮೇಲೆ ಚಟ್ ಚಟ್. ಉಲ್ಟಾ ಅಲ್ವಾ? ಟ್ರಾಫಿಕ್ ಜಾಸ್ತಿ ಇದ್ದಾಗ ಸರಿ, ಕಮ್ಮಿ ಆದಾಗ ತೊಂದ್ರೆ. ಕಾರಣ ಸ್ವಿಚ್ಚಿನ ಕರೆಂಟ್ ಉಳಿಸೋ ಫೀಚರು, ಗ್ರೀನ್ ಈಥರ್ನೆಟ್ ಅಂತಾರೆ, ಲೈನ್ ಖಾಲಿ ಇದ್ರೆ ಪೋರ್ಟ್ ಮಂಪರಿಗೆ ಹೋಗತ್ತೆ, ಎದ್ದು ಕಣ್ಣುಜ್ಜೋದ್ರಲ್ಲಿ ಪ್ಯಾಕೆಟ್ ಲೇಟು. ಆಫ್ ಮಾಡಿದ್ವಿ, ಹೋಯ್ತು. ಇನ್ನೊಂದು, ಬಾಕ್ಸಿನ ಐಪಿ 169.254 ಅಂತ ಶುರುವಾಗಿದ್ರೆ ಅದಕ್ಕೆ ಯಾರೂ ಅಡ್ರೆಸ್ ಕೊಟ್ಟಿಲ್ಲ, ತಾನೇ ಒಂದು ಇಟ್ಕೊಂಡು ಕೂತಿದೆ ಅಂತ. ಐಟಿಯವರ ಜೊತೆ ಜಗಳ ಆಡೋಕ್ಮುಂಚೆ ಇದನ್ನ ನೋಡ್ಕೊಳ್ಳಿ. ಅವರ ಜೊತೆ ಮೊದಲ ದಿನವೇ ಕಾಫಿ ಕುಡೀರಿ, ಕೊನೇ ದಿನ ಕುಡಿಯೋಕೆ ಅವರೂ ಇರಲ್ಲ ನಿಮಗೂ ಟೈಮಿರಲ್ಲ.

ವಿಡಿಯೋದಲ್ಲಿ ಅರ್ಧ ದೂರು ಬರೋದು "ನನ್ನ ಲ್ಯಾಪ್‌ಟಾಪ್ ಬರ್ತಿಲ್ಲ" ಅಂತ. ಲ್ಯಾಪ್‌ಟಾಪ್ ಕನೆಕ್ಟ್ ಆದಾಗ ಸ್ಕ್ರೀನಿನ ಹತ್ರ ಕೇಳತ್ತೆ, ನಿಂಗೆ ಏನೇನು ತೋರ್ಸೋಕೆ ಬರತ್ತೆ ಅಂತ. ಸ್ಕ್ರೀನ್ ತನ್ನ ಜಾತಕ ಕೊಡತ್ತೆ, ಅದೇ ಇಡಿಐಡಿ. ಮಧ್ಯೆ ಸ್ವಿಚರ್, ಎಕ್ಸ್‌ಟೆಂಡರ್, ಮೂರು ಬೇರೆ ಬೇರೆ ಸ್ಕ್ರೀನ್ ಇದ್ರೆ ಯಾರ ಜಾತಕ ಕೊಡ್ಬೇಕು? ಅದನ್ನ ನಾವೇ ಕೂತು ಒಂದು ಆರಿಸಿ ಕೂರಿಸ್ಬೇಕು, ಹಾಗೇ ಬಿಟ್ರೆ ಒಂದಿನ ಬರತ್ತೆ ಒಂದಿನ ಇಲ್ಲ. ಎಲ್‌ಇಡಿ ವಾಲ್ ಇದ್ರೆ ಅಳತೆ ಮೊದ್ಲೇ ನೋಡಿ. ಪಿಚ್ ಅಂದ್ರೆ ಒಂದು ಪಿಕ್ಸೆಲಿಂದ ಪಕ್ಕದ್ದಕ್ಕೆ ಇರೋ ದೂರ; 1.25 ಮಿಲಿಮೀಟರ್ ಪಿಚ್ಚಿನ 600 ಬೈ 337.5 ಮಿಲಿಮೀಟರ್ ಕ್ಯಾಬಿನೆಟ್ ಅಂದ್ರೆ 480 ಬೈ 270 ಪಿಕ್ಸೆಲ್, ನಾಲ್ಕಕ್ಕೆ ನಾಲ್ಕು ಜೋಡಿಸಿದ್ರೆ ಸರಿಯಾಗಿ 1920 ಬೈ 1080. ಇಂಟೀರಿಯರ್ನೋರು ಗೋಡೆ ಚೆನ್ನಾಗಿ ಕಾಣ್ಲಿ ಅಂತ ಐದು ಸಾಲು ಹಾಕಿಸಿದ್ರೆ, ಪ್ರತಿ ಪಿಪಿಟಿಯೂ ಹಿಗ್ಗಿಸಿದ ದೋಸೆ ಥರ.

ವಿಡಿಯೋ ಕಾನ್ಫರೆನ್ಸ್ ರೂಮಲ್ಲಿ ಮಾತ್ರ ಒಂದು ವಿಚಿತ್ರ ಇದೆ. ನಮ್ಮ ರೂಮಿನ ಎಕೋ ಕೇಳೋದು ನಮಗಲ್ಲ, ಆ ಕಡೆ ಇರೋರಿಗೆ. ಅವರ ಮಾತು ನಮ್ಮ ಸ್ಪೀಕರಿಂದ ಬಂದು ನಮ್ಮ ಮೈಕಿಗೆ ಹೋಗಿ ಅವರಿಗೇ ವಾಪಸ್. ಎಕೋ ಕ್ಯಾನ್ಸಲರ್ ಇರತ್ತೆ, ಆದ್ರೆ ಅದಕ್ಕೆ ರೆಫರೆನ್ಸ್ ಅಂತ ಆ ಕಡೆಯವರ ಮಾತನ್ನ ಮಾತ್ರ ಕೊಟ್ಟಿರ್ಬೇಕು, ರೂಟಿಂಗ್ ತಪ್ಪಿದ್ರೆ ಅದು ಕಣ್ಣು ಕಟ್ಟಿಸ್ಕೊಂಡು ಹುಡುಕ್ದಂಗೆ. ಒಂದೇ ರೂಮಲ್ಲಿ ಕೂತು ಇದನ್ನ ಟೆಸ್ಟ್ ಮಾಡೋಕಾಗಲ್ಲ. ನನ್ನ ಟೆಸ್ಟರ್ ಯಾರು ಗೊತ್ತಾ, ಸಾಗರದಲ್ಲಿರೋ ನಮ್ಮಕ್ಕ. ಮೀಟಿಂಗ್ ಲಿಂಕ್ ಕಳಿಸ್ತೀನಿ, ಅವಳು ಅಡುಗೆ ಮನೆಯಿಂದಲೇ ಜಾಯಿನ್ ಆಗ್ತಾಳೆ. ಆಫೀಸಿನೋರ್ನ ಕೇಳಿದ್ರೆ ಸರಿ ಇದೆ ಸಾರ್ ಅಂತಾರೆ. ನಮ್ಮಕ್ಕ "ನನ್ ಮಾತೇ ನಂಗೆ ವಾಪಸ್ ಬರ್ತಿದೆ ಕಣೋ, ತಲೆ ಚಿಟ್ಟು ಹಿಡೀತಿದೆ, ಇಡ್ತೀನಿ" ಅಂತಾಳೆ. ಹಂಗೆ ಹೇಳೋರು ಬೇಕು.

ಕೊನೇ ಟೆಸ್ಟಿಗೆ ಕ್ಲೈಂಟ್ ಹೆದರ್ತಾರೆ. ಮೇನ್ ಸ್ವಿಚ್ ಕೆಳಗೆಳೀತೀನಿ, ಏನೂ ಹೇಳ್ದೆ, ಸಿಸ್ಟಂ ಪೂರ್ತಿ ಓಡ್ತಾ ಇರುವಾಗ. ನಮ್ಮೂರಲ್ಲಿ ಕರೆಂಟ್ ಹೋಗೋದು ಫಾಲ್ಟ್ ಅಲ್ಲ, ಅದೂ ಒಂದು ಆಪರೇಟಿಂಗ್ ಕಂಡೀಷನ್. ಮೂರು ಥರ ನೋಡ್ಬೇಕು: ಹೋಗಿ ಜನರೇಟರಿಗೆ ಬದಲಾಗೋ ಕೆಲವೇ ಸೆಕೆಂಡು, ಯುಪಿಎಸ್ ಮೇಲೆ ಓಡೋದು, ಯುಪಿಎಸ್ಸೂ ಬರಿದಾಗಿ ಎಲ್ಲಾ ಸತ್ತು ಮತ್ತೆ ಏಳೋದು. ಮೂರನೇದೇ ಮುಖ್ಯ. ಒಂದ್ಕಡೆ ಕಂಟ್ರೋಲ್ ಪ್ರೊಸೆಸರ್ ಬೇಗ ಎದ್ದು ಡಿಎಸ್‌ಪಿಯನ್ನ ಕೂಗ್ತು, ನೆಟ್‌ವರ್ಕ್ ಸ್ವಿಚ್ ಇನ್ನೂ ಬೂಟ್ ಆಗ್ತಿತ್ತು, ಮೂರು ನಿಮಿಷ ಬೇಕು ಅದಕ್ಕೆ, ಯಾರೂ ಓ ಅನ್ಲಿಲ್ಲ, ಪ್ರೊಸೆಸರ್ ಆಫ್‌ಲೈನ್ ಅಂತ ತೋರಿಸ್ಕೊಂಡು ಸುಮ್ಮನಾಯ್ತು, ಮತ್ತೆ ಕೂಗ್ಲೇ ಇಲ್ಲ. ಪ್ರೋಗ್ರಾಮಲ್ಲಿ ಹತ್ತು ಸೆಕೆಂಡಿಗೊಮ್ಮೆ ಮತ್ತೆ ಕೂಗು ಅಂತ ಎರಡು ಸಾಲು ಸೇರಿಸಿದ್ರೆ ಮುಗೀತು, ಆದ್ರೆ ಸ್ವಿಚ್ ಎಳೀದೆ ಇದು ಗೊತ್ತಾಗೋ ಬೇರೆ ದಾರಿ ಇಲ್ಲ. ಹಾಗೇ ಆಂಪ್ಲಿಫೈಯರ್ ಕೊನೇಲಿ ಆನ್, ಮೊದ್ಲು ಆಫ್, ಇಲ್ಲಾಂದ್ರೆ ಢಬ್ ಅಂತ ಸ್ಪೀಕರಿಗೆ ಪೆಟ್ಟು. ಎದ್ದ ಮೇಲೆ ವಾಲ್ಯೂಮ್ ಎಷ್ಟಕ್ಕೆ ಬರತ್ತೆ ಅಂತಲೂ ನೋಡಿ, ನಿನ್ನೆ ಯಾರೋ ಡ್ಯಾನ್ಸ್ ಪ್ರೋಗ್ರಾಮಲ್ಲಿ ಬಿಟ್ಟು ಹೋದ ಲೆವೆಲಿಗೆ ಅಲ್ಲ.

ಆ ಕಾಲೇಜಲ್ಲೂ ಇದನ್ನ ಮಾಡ್ವಾಗ ಪಕ್ಕದಲ್ಲಿ ನಿಂತಿದ್ದ ಅಟೆಂಡರ್ ಅಣ್ಣ "ನಾನು ದಿನಾ ಸಂಜೆ ಹಂಗೇ ಎಳೀತೀನಲ್ಲ ಸಾರ್" ಅಂದ. ನಾವು ಟ್ರೇನಿಂಗ್ ಕೊಟ್ಟಿದ್ದು ಪ್ರಿನ್ಸಿಪಾಲರಿಗೆ, ಎಚ್‌ಒಡಿಗಳಿಗೆ, ಪ್ರೊಜೆಕ್ಟರ್ ಮೇಲೆ ನಲವತ್ತು ಸ್ಲೈಡು. ಸಿಸ್ಟಂ ನಡೆಸೋನು ಇವನು, ಇವನನ್ನ ಒಳಗೇ ಕರೆದಿರ್ಲಿಲ್ಲ. ಆಮೇಲೆ ಅವನ ಜೊತೆ ಕೂತು ಕನ್ನಡದಲ್ಲಿ ನಾಲ್ಕು ಸಾಲು ಬರೆದ್ವಿ: ಯಾವ ಬಟನ್ ಮೊದಲು, ಪ್ರೊಜೆಕ್ಟರ್ ಫ್ಯಾನ್ ನಿಲ್ಲೋ ತನಕ ಕಾಯಿ, ಮೈಕಿನ ಬ್ಯಾಟರಿ ಎಲ್ಲಿದೆ, ಸದ್ದು ಬರ್ದಿದ್ರೆ ಮೊದ್ಲು ಏನು ನೋಡ್ಬೇಕು. ಲ್ಯಾಮಿನೇಟ್ ಮಾಡಿಸಿ ರ‍್ಯಾಕಿನ ಬಾಗಿಲಿಗೆ ಅಂಟಿಸ್ದೆ. ಒಂದು ವರ್ಷ ಆದ್ಮೇಲೆ ಸರ್ವೀಸಿಗೆ ಅಂತ ಹೋದಾಗ ಹಾಳೆ ಹಾಗೇ ಇತ್ತು, ಕೆಳಗೆ ಸ್ಕೆಚ್ ಪೆನ್ನಲ್ಲಿ ಅವನೇ ಐದನೇ ಸಾಲು ಸೇರ್ಸಿದ್ದ, ದಪ್ಪ ಅಕ್ಷರದಲ್ಲಿ: "ಮೈಕನ್ನು ಯಾರೂ ತಟ್ಟಬಾರದು, ಊದಬಾರದು. ಪ್ರಿನ್ಸಿಪಾಲರೂ ಸಹ."